ಬ್ರಹ್ಮಗಿರಿಯ ಶಿಲಾಸಮಾಧಿಗಳ ನಡುವೆ ಬಿಡುವಿನ ಒಂದು ದಿನ: ಹೋಗುವವರಿಗೆ ಮಾರ್ಗದರ್ಶಿ

ಚಿತ್ರದುರ್ಗಕ್ಕೆ ಬಂದವರೆಲ್ಲ ಕೋಟೆ ಹತ್ತುತ್ತಾರೆ. ಹತ್ತಲೇಬೇಕು. ಓಬವ್ವನ ಕಿಂಡಿ, ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡ ಎಲ್ಲವನ್ನೂ ನೋಡಿ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ, ಕಾಲು ಸೋತಿರುತ್ತದೆ. ಮರುದಿನವೂ ಕೈಯಲ್ಲಿದ್ದರೆ ಹೆಚ್ಚಿನವರು ಮತ್ತೊಂದು ಜನಸಂದಣಿಯ ಜಾಗವನ್ನು ಹುಡುಕಿಕೊಂಡು ಹೋಗುತ್ತಾರೆ. ನಾನು ಹೇಳುವುದು ಬೇರೆ ದಾರಿ. ಇದೇ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಅಶೋಕ ಸಿದ್ದಾಪುರದ ಪಕ್ಕದ ಬ್ರಹ್ಮಗಿರಿಯ ಬುಡದಲ್ಲಿ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಒಂದು ಸ್ಮಶಾನವಿದೆ. ಕುರುಚಲು, ಜಾಲಿ, ಹುಲ್ಲು ಬೆಳೆದು ಅರ್ಧ ಮುಚ್ಚಿಹೋಗಿದೆ. ಅಲ್ಲಿ ಹೆಸರು ಕೆತ್ತಿದ ಒಂದು ಗೋರಿಯೂ ಇಲ್ಲ. ಇರುವುದು ನೆಲದೊಳಗೆ ಇಳಿಸಿದ ಕಲ್ಲಿನ ಕೋಣೆಗಳು, ಅವುಗಳ ಸುತ್ತ ಗುಂಡುಕಲ್ಲುಗಳ ವೃತ್ತ. ಮನಸ್ಸಿಗೆ ನಿಜವಾದ ಬಿಡುವು ಬೇಕೆನ್ನುವವರಿಗೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಸೂಚಿಸಲಾರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಪಾಳು ಸ್ಥಳವೆಂದು ತಿಳಿದು ಹೋದರೆ ಹತ್ತು ನಿಮಿಷದಲ್ಲಿ ಬೇಸರವಾಗುತ್ತದೆ. ಸ್ಮಶಾನವೆಂದು ತಿಳಿದು, ಸತ್ತವರ ಊರಿಗೆ ನೆಂಟರಾಗಿ ಹೋದರೆ ಅರ್ಧ ದಿನವೂ ಸಾಲದು. ಮುಂದಿನ ಸಲಹೆಗಳೆಲ್ಲ ಆ ಒಂದು ತಿಳಿವಳಿಕೆಯಿಂದಲೇ ಹುಟ್ಟಿದವು.

ಮೊದಲು ಕಾಲ ನೋಡಿಕೊಳ್ಳಿ

ಮೊಳಕಾಲ್ಮುರು ಕರ್ನಾಟಕದ ಒಣ ತಾಲ್ಲೂಕುಗಳಲ್ಲಿ ಒಂದು. ಮಾರ್ಚ್ ಬಂತೆಂದರೆ ಬಂಡೆಗಳು ಬೆಳಿಗ್ಗೆ ಹತ್ತಕ್ಕೇ ಕಾವು ಹಿಡಿಯುತ್ತವೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅಲ್ಲಿ ಕೂರುವ ಮಾತೇ ಇಲ್ಲ. ಮಳೆಗಾಲದ ಕೊನೆಯಲ್ಲಿ, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ನೆಲ ಹಸಿರಾಗಿ ಕಣ್ಣಿಗೆ ಹಬ್ಬವಾಗಿರುತ್ತದೆ. ಆದರೆ ಹುಲ್ಲು ಎದ್ದು ಕಲ್ಲುಗಳನ್ನು ನುಂಗಿರುತ್ತದೆ, ಕಾಲಿಡುವ ಜಾಗದಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗೆ ಸರಿಯಾದ ಕಾಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಹುಲ್ಲು ಒಣಗಿ ಬಾಗಿರುತ್ತದೆ, ವೃತ್ತದ ಕಲ್ಲುಗಳು ತಲೆಯೆತ್ತಿರುತ್ತವೆ, ಗಾಳಿಯಲ್ಲಿ ಚಳಿಯ ತುಣುಕೂ ಇರುತ್ತದೆ.

ದಿನದಲ್ಲಿ ಹೊತ್ತನ್ನೂ ಆರಿಸಿಕೊಳ್ಳಬೇಕು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಎಲ್ಲವೂ ಚಪ್ಪಟೆಯಾಗಿ, ಒಂದೇ ಬಣ್ಣವಾಗಿ ಕಾಣುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಮಧ್ಯಾಹ್ನ ಮೂರೂವರೆಯ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಅರ್ಧ ಹೂತ ಕಲ್ಲಿಗೂ ಉದ್ದನೆಯ ನೆರಳು ಬರುತ್ತದೆ. ಆ ನೆರಳುಗಳೇ ಒಂದರ ಪಕ್ಕ ಒಂದು ಸೇರಿ ನಿಮಗೆ ವೃತ್ತವನ್ನು ತೋರಿಸುತ್ತವೆ. ನಾನು ಬೆಳಗನ್ನೇ ಹೇಳುವವನು. ಸಂಜೆಯಾದರೆ ಕರಡಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ, ಅದನ್ನು ಮುಂದೆ ವಿವರಿಸುತ್ತೇನೆ.

ಹಿಂದಿನ ದಿನ ಚಂದ್ರವಳ್ಳಿಯಲ್ಲಿ ಒಂದು ಸಂಜೆ

ನೇರವಾಗಿ ಬ್ರಹ್ಮಗಿರಿಗೆ ಹೋಗಬೇಡಿ. ಕೋಟೆ ನೋಡಿದ ದಿನವೇ ಸಂಜೆ ಬಿಡುವು ಮಾಡಿಕೊಂಡು ಚಂದ್ರವಳ್ಳಿಯ ಕೆರೆಯ ದಂಡೆಗೆ ಹೋಗಿ. ಊರಿಗೆ ತಾಗಿಕೊಂಡೇ ಇದೆ. ಹೆಚ್ಚಿನವರು ಅಂಕಲಿ ಮಠದ ಗುಹೆಗಳನ್ನು ನೋಡಿ ಹಿಂದಿರುಗುತ್ತಾರೆ. ಕದಂಬರ ಮಯೂರಶರ್ಮನ ಶಾಸನವಿರುವ ಬಂಡೆಯೂ ಇಲ್ಲೇ ಇದೆ. ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಚ್. ಕೃಷ್ಣ ಅವರು ಈ ಕಣಿವೆಯಲ್ಲಿ ಉತ್ಖನನ ನಡೆಸಿದಾಗ ರೋಮನ್ ನಾಣ್ಯಗಳೂ ಶಾತವಾಹನರ ಕಾಲದ ವಸ್ತುಗಳೂ ಸಿಕ್ಕವು. ಇಲ್ಲಿಯೂ ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಕಾಲದ, ಸಮಾಧಿಗಳಿದ್ದವು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಎರಡನ್ನೂ ಒಟ್ಟಿಗೆ ಅಗೆಸಿದರು.

ಸಮಯ ಸಿಕ್ಕರೆ ರಂಗಯ್ಯನಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಒಂದು ಸುತ್ತು ಹೋಗಿ. ಹಳೆಯ ಮಡಕೆ, ಹಳೆಯ ಕಬ್ಬಿಣ, ಹಳೆಯ ಕಲ್ಲು ಹೇಗಿರುತ್ತವೆ ಎಂಬುದು ಕಣ್ಣಿಗೆ ಒಮ್ಮೆ ಬಿದ್ದಿದ್ದರೆ ಸಾಕು. ಮರುದಿನ ಬಯಲಿನಲ್ಲಿ ನಿಂತಾಗ ಕಣ್ಣು ತಾನೇ ಕೆಲಸ ಮಾಡುತ್ತದೆ.

ಹೋಗುವ ದಾರಿ ಮತ್ತು ಕಟ್ಟಿಕೊಳ್ಳಬೇಕಾದ್ದು

ಚಿತ್ರದುರ್ಗದಿಂದ ಚಳ್ಳಕೆರೆ, ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದು ಹಾನಗಲ್, ಮೊಳಕಾಲ್ಮುರು ಕಡೆಗೆ. ಅಶೋಕ ಸಿದ್ದಾಪುರ ಇರುವುದು ಮೊಳಕಾಲ್ಮುರು ಮತ್ತು ರಾಂಪುರದ ನಡುವಿನ ಸೀಮೆಯಲ್ಲಿ. ಸ್ವಂತ ವಾಹನವಿದ್ದರೆ ಎರಡು, ಎರಡೂವರೆ ಗಂಟೆಯ ದಾರಿ ಎಂದಿಟ್ಟುಕೊಳ್ಳಿ. ಬಸ್ಸಿನಲ್ಲಾದರೆ ಮೊಳಕಾಲ್ಮುರಿನಲ್ಲಿ ಇಳಿದು ಆಟೋ ಮಾಡಿಕೊಳ್ಳುವುದು ಅನುಕೂಲ. ಆಟೋದವರ ಬಳಿ ಹಿಂದಿರುಗುವ ಹೊತ್ತನ್ನೂ ಮಾತಾಡಿಕೊಳ್ಳಿ, ಬಯಲಿನ ಮಧ್ಯೆ ನಿಂತು ವಾಹನ ಹುಡುಕುವುದು ಕಷ್ಟ. ದಾವಣಗೆರೆಯಿಂದ ಹೊರಡುವವರು ಹಿಂದಿನ ರಾತ್ರಿ ಚಿತ್ರದುರ್ಗದಲ್ಲಿ ಉಳಿಯುವುದು ಒಳ್ಳೆಯದು. ನಸುಕಿನಲ್ಲಿ ಹೊರಡದಿದ್ದರೆ ಓರೆ ಬಿಸಿಲು ಕೈತಪ್ಪುತ್ತದೆ.

ಚೀಲದಲ್ಲಿ ಏನಿರಬೇಕು? ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು. ತಲೆಗೆ ಟವೆಲ್ಲು ಅಥವಾ ಟೋಪಿ. ಕಾಲಿಗೆ ಗಟ್ಟಿ ಅಟ್ಟೆಯ ಬೂಟು, ಏಕೆಂದರೆ ಬಳ್ಳಾರಿ ಜಾಲಿಯ ಮುಳ್ಳು ರಬ್ಬರ್ ಚಪ್ಪಲಿಯನ್ನು ಸಲೀಸಾಗಿ ತೂರುತ್ತದೆ. ಉದ್ದ ಪ್ಯಾಂಟು. ಕೈಯಲ್ಲಿ ಒಂದು ಕೋಲು. ಬುತ್ತಿಗೆ ರೊಟ್ಟಿ, ಚಟ್ನಿಪುಡಿ, ಮೊಸರನ್ನ, ಏನಾದರೂ ಸರಿ. ಸಣ್ಣ ಪುಸ್ತಕ ಮತ್ತು ಪೆನ್ಸಿಲ್ ಮರೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಕುರಿ ಕಂಬಳಿ. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು, ದಾರಿಯಲ್ಲೇ ಸಿಗುತ್ತದೆ. ಕಲ್ಲು, ಮುಳ್ಳು, ಇರುವೆ ಇರುವ ನೆಲದಲ್ಲಿ ನೆಮ್ಮದಿಯಾಗಿ ಕೂರಬೇಕೆಂದರೆ ಕಂಬಳಿಗೆ ಸಮನಾದ ಹಾಸಿಲ್ಲ. ಈ ಸೀಮೆಯ ಕುರಿಗಾಹಿಗಳು ಬಿಸಿಲು, ಚಳಿ, ಮಳೆ ಮೂರಕ್ಕೂ ಅದನ್ನೇ ನಂಬಿದ್ದಾರೆ.

ಮೊದಲು ಊರಿನವರನ್ನು ಮಾತಾಡಿಸಿ

ಸಿದ್ದಾಪುರ ಮುಟ್ಟಿದ ಕೂಡಲೇ ಮೊಬೈಲ್ ನಕ್ಷೆ ತೆರೆದು ಗುಡ್ಡದ ಕಡೆ ಹೆಜ್ಜೆ ಹಾಕಬೇಡಿ. ಕಟ್ಟೆಯ ಮೇಲೋ ಚಹಾದ ಅಂಗಡಿಯಲ್ಲೋ ಕೂತ ಹಿರಿಯರನ್ನು ಹುಡುಕಿ. ‘ಯಜಮಾನರೇ, ಶಾಸನದ ಕಲ್ಲು ನೋಡೋಣವೆಂದು ಬಂದಿದ್ದೇವೆ. ಹಳೆಯ ಕಲ್ಲಿನ ಸಮಾಧಿಗಳ ಕಡೆಗೂ ಹೋಗಬಹುದೇ?’ ಎಂದು ಕೇಳಿ. ಎಲ್ಲಿಂದ ಬಂದಿರಿ, ಯಾರ ಪೈಕಿ, ಏನು ಕೆಲಸ ಎಂದು ವಿಚಾರಿಸುತ್ತಾರೆ. ಸಾವಧಾನವಾಗಿ ಉತ್ತರ ಕೊಡಿ. ಅವರಿಗೆ ಈ ಪ್ರಶ್ನೆಗಳು ಬರೀ ಕುತೂಹಲವಲ್ಲ. ನಿಧಿಯ ಆಸೆಗೆ ರಾತ್ರಿ ಅಗೆಯಲು ಬರುವ ಕಳ್ಳರ ಕಾಟ ಈ ಭಾಗದ ಹಳೆಯ ಜಾಗಗಳಿಗೆಲ್ಲ ಇದೆ. ಅಪರಿಚಿತರು ಕೋಲು ಹಿಡಿದು ಗುಡ್ಡದ ಬುಡದಲ್ಲಿ ಸುಳಿದಾಡಿದರೆ ಊರಿನವರಿಗೆ ಅನುಮಾನ ಬರುವುದು ನ್ಯಾಯ.

ಸಾಧ್ಯವಾದರೆ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿಗೆ ಕಡಿಮೆಯಾಗದಂತೆ ಹಣ ಕೊಡಿ. ಯಾವ ಹೊಲದ ಬದುವಿನ ಮೇಲೆ ನಡೆಯಬಹುದು, ಯಾವ ಹೊಲದಲ್ಲಿ ಬೆಳೆ ನಿಂತಿದೆ, ಎಲ್ಲಿ ಮುಳ್ಳುಬೇಲಿ ಹಾಕಿದೆ ಎಂಬುದು ಅವರಿಗೆ ಗೊತ್ತು. ಇದು ಆಂಧ್ರದ ಗಡಿಯ ಸೀಮೆ, ಕನ್ನಡದ ಜೊತೆ ತೆಲುಗೂ ಕಿವಿಗೆ ಬೀಳುತ್ತದೆ. ಮ್ಯಾಸಬೇಡರ ಹಟ್ಟಿಗಳು, ಅವರು ದೇವರ ಎತ್ತುಗಳೆಂದು ಹರಕೆಯಿಂದ ಸಾಕುವ ಹಿಂಡುಗಳು ಈ ತಾಲ್ಲೂಕಿನಲ್ಲೂ ಚಳ್ಳಕೆರೆಯಲ್ಲೂ ಇವೆ. ಹಿಂಡು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಫೋಟೋ ತೆಗೆಯುವ ಮುನ್ನ ಕಾಯುವವರನ್ನು ಕೇಳಿ.

ಅಕ್ಷರಗುಂಡಿನಿಂದ ಶುರುಮಾಡಿ

ಬ್ರಹ್ಮಗಿರಿಯ ಅಶೋಕನ ಶಾಸನವಿರುವ ಬಂಡೆಯನ್ನು ಊರಿನವರು ಅಕ್ಷರಗುಂಡು ಎನ್ನುತ್ತಿದ್ದರು. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇದನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಶಾಸನಗಳೂ ಆಗಲೇ ಬೆಳಕಿಗೆ ಬಂದವು. ಹೀಗೆ ಕೆಲವೇ ಮೈಲಿಗಳ ಅಂತರದಲ್ಲಿ ಅಶೋಕನ ಮೂರು ಶಾಸನಗಳು ಈ ಒಂದೇ ಸೀಮೆಯಲ್ಲಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕಳಿಸಿದ ಆಜ್ಞೆ ಅದು. ಆ ಇಸಿಲ ಎಂಬ ಪಟ್ಟಣ ಈ ಬ್ರಹ್ಮಗಿರಿಯ ಬಳಿಯೇ ಇತ್ತೆಂದು ವಿದ್ವಾಂಸರು ಗುರುತಿಸುತ್ತಾರೆ.

ಸ್ಮಶಾನ ನೋಡಲು ಬಂದವರು ಶಾಸನದ ಮುಂದೆ ಮೊದಲು ನಿಲ್ಲಬೇಕೆಂದು ಹೇಳುವುದಕ್ಕೆ ಕಾರಣವಿದೆ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ಹೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಇದು ಹಳೆಯ ಕಾಲದಿಂದ ಬಂದ ನಡೆ, ಇದರಿಂದ ದೀರ್ಘಾಯುಷ್ಯ ಎಂಬುದು ಅದರ ಒಂದು ಭಾಗದ ತಾತ್ಪರ್ಯ. ಕೊನೆಯಲ್ಲಿ ಬರೆದವನು ಚಪಡ ಎಂದು ತನ್ನ ಹೆಸರು ಹೇಳಿಕೊಂಡಿದ್ದಾನೆ. ಲಿಪಿಕಾರ ಎಂಬ ಮಾತನ್ನು ಮಾತ್ರ ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ ನೀವು ನೋಡಲಿರುವ ಸಮಾಧಿಗಳಲ್ಲಿ ಒಂದು ಅಕ್ಷರವೂ ಇಲ್ಲ. ಇಡೀ ಸೀಮೆಯಲ್ಲಿ ಅಷ್ಟು ಹಿಂದೆ ಬದುಕಿದ್ದವರ ಪೈಕಿ ನಮಗೆ ಹೆಸರು ಹಿಡಿದು ಕರೆಯಲು ಸಿಗುವವನು ಈ ಬರಹಗಾರನೊಬ್ಬನೇ. ಅವನನ್ನು ಕಂಡು ಮುಂದೆ ಹೋದರೆ ಹೆಸರಿಲ್ಲದವರ ಬಗೆಗಿನ ಕಾಳಜಿ ತಾನಾಗಿ ಹುಟ್ಟುತ್ತದೆ.

ಬಂಡೆಯ ಮೇಲೆ ಕೈಯಾಡಿಸಬೇಡಿ, ನೀರು ಸುರಿಯಬೇಡಿ, ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕಬೇಡಿ. ಬೀಗ ಹಾಕಿದ್ದರೆ ಕಾವಲಿನವರು ಎಲ್ಲಿದ್ದಾರೆಂದು ಊರಿನಲ್ಲಿ ಕೇಳಿ.

ವೃತ್ತವನ್ನು ಗುರುತಿಸುವುದು

ಈಗ ಬಯಲಿಗೆ ಬನ್ನಿ. ಇಲ್ಲಿ ನಿಧಾನವಾಗಬೇಕು.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ನೋಡಿದವರು ಅಂಥದ್ದೇ ದೃಶ್ಯವನ್ನು ನಿರೀಕ್ಷಿಸುತ್ತಾರೆ. ಅಲ್ಲಿ ಕಲ್ಲಿನ ಮನೆಗಳು ನೆಲದ ಮೇಲೆ ಎದ್ದು ನಿಂತಿವೆ, ದೂರದಿಂದಲೇ ಕಾಣುತ್ತವೆ. ಬ್ರಹ್ಮಗಿರಿಯಲ್ಲಿ ಹಾಗಲ್ಲ. ಇಲ್ಲಿ ಕೋಣೆ ನೆಲದೊಳಗಿದೆ. ಮೇಲೆ ಕಾಣುವುದು ಸುತ್ತಲಿನ ವೃತ್ತದ ಕಲ್ಲುಗಳ ನೆತ್ತಿ, ಹೆಚ್ಚೆಂದರೆ ಒಂದೆರಡು ಚಪ್ಪಡಿಯ ಅಂಚು. ಆದ್ದರಿಂದ ಹುಡುಕುವ ಕಣ್ಣು ಬೇಕು.

ರೈತರು ಹೊಲದಿಂದ ಆರಿಸಿ ಒಟ್ಟಿದ ಕಲ್ಲಿನ ಗುಡ್ಡೆಯನ್ನೂ ಸಮಾಧಿಯ ವೃತ್ತವನ್ನೂ ಬೇರೆಮಾಡಿ ನೋಡುವುದು ಮೊದಲ ಪಾಠ. ಒಟ್ಟಿದ ಗುಡ್ಡೆಯಲ್ಲಿ ಕಲ್ಲುಗಳು ಸಣ್ಣವು, ಒಂದರ ಮೇಲೊಂದು ಬಿದ್ದಿರುತ್ತವೆ. ವೃತ್ತದ ಕಲ್ಲುಗಳು ದೊಡ್ಡವು, ಅರ್ಧ ನೆಲದಲ್ಲಿ ಹೂತಿರುತ್ತವೆ, ಅವುಗಳ ನಡುವಿನ ಅಂತರ ಹೆಚ್ಚುಕಡಿಮೆ ಸಮವಾಗಿರುತ್ತದೆ. ಒಂದು ಕಲ್ಲು ಸಿಕ್ಕರೆ ಅದರ ಬಳಿ ನಿಂತು ಎಡಕ್ಕೂ ಬಲಕ್ಕೂ ನೋಡಿ. ಎರಡನೆಯದು, ಮೂರನೆಯದು ಕಂಡು ಅವು ಒಂದು ಬಾಗಿನ ಮೇಲಿದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಕೆಲವು ಕಲ್ಲುಗಳು ಕಾಣೆಯಾಗಿರುತ್ತವೆ. ಎಷ್ಟೋ ತಲೆಮಾರುಗಳ ಬೇಸಾಯ, ಬದು ಕಟ್ಟುವ ಕೆಲಸ ನಡೆದ ನೆಲವಿದು. ಇಲ್ಲದ ಕಲ್ಲನ್ನು ಮನಸ್ಸಿನಲ್ಲೇ ತುಂಬಿಕೊಂಡು ವೃತ್ತವನ್ನು ಪೂರ್ತಿ ಮಾಡಿಕೊಳ್ಳಿ. ಕೆಲವು ಸಮಾಧಿಗಳಿಗೆ ಒಂದರೊಳಗೊಂದು ಎರಡು ವೃತ್ತಗಳಿರುತ್ತವೆ.

ಆಮೇಲೆ ನಡುವಿಗೆ ಕಣ್ಣು ಹಾಯಿಸಿ. ನೆಲ ತುಸು ಉಬ್ಬಿರಬಹುದು ಅಥವಾ ತಗ್ಗಿರಬಹುದು. ನೆಟ್ಟಗೆ ನಿಲ್ಲಿಸಿದ ಕಲ್ಲುಚಪ್ಪಡಿಯ ಅಂಚು ಮಣ್ಣಿನಿಂದ ಗೆರೆಯಂತೆ ಎದ್ದಿದ್ದರೆ ಅದು ಕೋಣೆಯ ಗೋಡೆ. ನಾಲ್ಕು ಚಪ್ಪಡಿಗಳನ್ನು ಮೂಲೆಗೆ ಮೂಲೆ ಸೇರಿಸಿ ಪೆಟ್ಟಿಗೆ ಮಾಡಿದ್ದಲ್ಲ. ಪ್ರತಿ ಚಪ್ಪಡಿಯೂ ಪಕ್ಕದ್ದನ್ನು ದಾಟಿ ಒಂದಿಷ್ಟು ಮುಂದೆ ಚಾಚಿಕೊಂಡಿರುತ್ತದೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಇದರ ಹಿಂದೆ ಜಾಣ ಲೆಕ್ಕಾಚಾರವಿದೆ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದಕ್ಕೊಂದು ಬಿಗಿಯುತ್ತವೆ, ಒಳಕ್ಕೆ ಬೀಳುವುದಿಲ್ಲ. ಗಾರೆಯಿಲ್ಲ, ಕೊಂಡಿಯಿಲ್ಲ. ಕೆಳಗೆ ಒಂದು ಹಾಸುಗಲ್ಲು, ಮೇಲೆ ಒಂದು ಮುಚ್ಚುಗಲ್ಲು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿ.

ಈ ಕಿಂಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಯೋಚಿಸಿ. ಗಟ್ಟಿ ಕಣಶಿಲೆಯಲ್ಲಿ ಅಷ್ಟು ದುಂಡಗೆ ರಂಧ್ರ ಕೊರೆಯುವುದು ಸುಲಭದ ಕೆಲಸವಲ್ಲ. ಈ ಜನರು ಕಬ್ಬಿಣ ಬಲ್ಲವರು. ಸಮಾಧಿಗಳಲ್ಲಿ ಕಬ್ಬಿಣದ ಕುಡುಗೋಲು, ಚಾಕು, ಬಾಣದ ಮೊನೆಗಳು ಸಿಕ್ಕಿವೆ. ಜೊತೆಗೆ ಒಳಗೆ ಕಪ್ಪು, ಹೊರಗೆ ಬಾಯಂಚಿನ ಬಳಿ ಕಪ್ಪಾಗಿ ಕೆಳಗೆ ಕೆಂಪಾದ ನುಣುಪು ಮಡಕೆಗಳು ಸಿಕ್ಕಿವೆ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಒಳಭಾಗ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಭಾಗ ಕೆಂಪಾಗುತ್ತದೆ. ಎಲುಬುಗಳು ಸಿಕ್ಕ ರೀತಿ ಇನ್ನೂ ಗಮನಾರ್ಹ. ಇಡೀ ದೇಹವನ್ನು ಮಲಗಿಸಿದ್ದಲ್ಲ. ಬೇರೆಲ್ಲೋ ಮಾಂಸ ಕಳಚಿದ ಮೇಲೆ ಆಯ್ದ ಎಲುಬುಗಳನ್ನು ತಂದು ಇಟ್ಟದ್ದು, ಕೆಲವು ಕೋಣೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಎಲುಬುಗಳು. ಅಂದರೆ ಕಲ್ಲಿನ ಈ ಕೋಣೆ ಒಬ್ಬನ ಗೋರಿಯಾಗಿರದೆ ಕುಟುಂಬದ ಕೊನೆಯ ಮನೆಯಾಗಿದ್ದಿರಬೇಕು ಎಂದು ನನಗೆ ಅನಿಸುತ್ತದೆ. ಇದೇ ಬ್ರಹ್ಮಗಿರಿಯಲ್ಲಿ ಇವರಿಗಿಂತ ಹಿಂದೆ ಬದುಕಿದ್ದ ನವಶಿಲಾಯುಗದ ಜನರು ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲದಲ್ಲೇ ಹೂಳುತ್ತಿದ್ದರು. ಸತ್ತವರನ್ನು ಊರಿಂದಾಚೆ ಕಳಿಸುವ ಪದ್ಧತಿ ಆಗಿನ್ನೂ ಹೀಗಿರಲಿಲ್ಲ.

ಬದುಕಿದ್ದವರು ವಾಸವಿದ್ದ ಮಣ್ಣು, ಮರ, ಹುಲ್ಲಿನ ಮನೆಗಳು ಕರಗಿ ಹೋಗಿವೆ. ಸತ್ತವರಿಗೆ ಕಟ್ಟಿದ ಮನೆಗಳು ನಿಂತಿವೆ. ವೀಲರ್ ಇವುಗಳನ್ನು ಕ್ರಿ.ಪೂ. 200ರಿಂದ ಕ್ರಿ.ಶ. ಮೊದಲ ಶತಮಾನದ ನಡುವಿನವೆಂದು ಹೇಳಿದ್ದರು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ವ್ಯಾಪಾರದ ಜೊತೆ ಸಿಕ್ಕ ಮಡಕೆಗಳ ಕಾಲ ಅವರಿಗೆ ತಿಳಿದಿತ್ತು. ಅದೇ ಬಗೆಯ ಮಡಕೆಗಳನ್ನು ಇಲ್ಲಿನ ಮಣ್ಣಿನ ಪದರಗಳಲ್ಲಿ ಹುಡುಕಿ, ಅದರ ಕೆಳಗಿನ ಪದರಗಳನ್ನು ಅದಕ್ಕಿಂತ ಹಳೆಯವೆಂದು ಲೆಕ್ಕ ಹಾಕಿದರು. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಒಂದು ಕ್ರಮ ಸಿಕ್ಕಿದ್ದು ಈ ಬಯಲಿನಿಂದ. ಬಳಿಕ ಬೇರೆಡೆ ನಡೆದ ಶೋಧಗಳು ದಕ್ಷಿಣದ ಈ ಶಿಲಾಸಮಾಧಿ ಸಂಪ್ರದಾಯದ ಆರಂಭವನ್ನು ಕ್ರಿ.ಪೂ. 1000ದ ಸುಮಾರಿಗೆ ಕೊಂಡೊಯ್ದಿವೆ.

ಕೂರುವುದು

ಎರಡು ಮೂರು ವೃತ್ತಗಳನ್ನು ಗುರುತಿಸಿದ ಮೇಲೆ ಹುಡುಕಾಟ ನಿಲ್ಲಿಸಿ. ಇಲ್ಲಿ ನೂರಾರು ಸಮಾಧಿಗಳಿವೆ, ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಬಯಲಿನ ಅಂಚಿನಲ್ಲಿ ಒಂದು ಬೇವಿನ ನೆರಳೋ ದೊಡ್ಡ ಬಂಡೆಯ ಮರೆಯೋ ನೋಡಿ, ಕೋಲಿನಿಂದ ನೆಲ ತಟ್ಟಿ, ಕಂಬಳಿ ಹಾಸಿ. ವೃತ್ತದೊಳಗೆ ಕೂರಬೇಡಿ, ಹೊರಗೆ ಕೂತು ಅದನ್ನು ನೋಡುವಂತಿರಲಿ.

ಮೊಬೈಲನ್ನು ಚೀಲದೊಳಗಿಡಿ. ಮೊದಲ ಹತ್ತು ನಿಮಿಷ ಮನಸ್ಸು ಚಡಪಡಿಸುತ್ತದೆ. ಅದಕ್ಕೊಂದು ಸಣ್ಣ ಕೆಲಸ ಕೊಡಿ. ಎದುರಿನ ವೃತ್ತವನ್ನು ಪುಸ್ತಕದಲ್ಲಿ ಬರೆಯಿರಿ. ಚಿತ್ರ ಬರೆಯಲು ಬರಬೇಕಿಲ್ಲ. ಮೊದಲು ಸೂರ್ಯನನ್ನು ನೋಡಿ ಪೂರ್ವ ಗುರುತು ಹಾಕಿಕೊಳ್ಳಿ. ಆಮೇಲೆ ಒಂದೊಂದು ಕಲ್ಲಿಗೂ ಒಂದೊಂದು ಚುಕ್ಕೆ, ಕಲ್ಲು ತಪ್ಪಿಹೋದ ಕಡೆ ಖಾಲಿ ಜಾಗ, ಚಪ್ಪಡಿಯ ಅಂಚು ಕಂಡರೆ ಒಂದು ಗೆರೆ, ಗಿಡ ಬೆಳೆದಿದ್ದರೆ ಅದರ ಹೆಸರು. ತಂಗಡಿ ಹಳದಿ ಹೂ ಬಿಟ್ಟಿರಬಹುದು, ಕಾರೆ ಮುಳ್ಳಿರಬಹುದು, ಎಕ್ಕ ಇರಬಹುದು. ಕೋಣೆಯ ಮೇಲಿನ ಸಡಿಲ ಮಣ್ಣಿನಲ್ಲಿ ತೇವ ಸ್ವಲ್ಪ ಹೆಚ್ಚು ಉಳಿಯುವುದರಿಂದ ಕೆಲವೆಡೆ ನಟ್ಟನಡುವೆಯೇ ಗಿಡವೊಂದು ಸೊಂಪಾಗಿ ಎದ್ದಿರುತ್ತದೆ. ಕೈ ನಡೆಯುತ್ತಿದ್ದಂತೆ ಉಸಿರು ತಗ್ಗುತ್ತದೆ, ಕಿವಿ ತೆರೆಯುತ್ತದೆ. ದೂರದ ಮೇಕೆಗಳ ಗಂಟೆ, ಗುಡ್ಡದ ಕಡೆಯಿಂದ ನವಿಲು, ಹುಲ್ಲಿನಲ್ಲಿ ಗೌಜಲ ಹಕ್ಕಿ ಎಲ್ಲ ಆಗ ಕೇಳತೊಡಗುತ್ತವೆ. ಬಂಡೆಯ ಮೇಲೆ ಓತಿಕೇತ ತಲೆಯಾಡಿಸುತ್ತಿರುತ್ತದೆ. ಚಿತ್ರ ಮುಗಿದ ಮೇಲೆ ಬುತ್ತಿ ಬಿಚ್ಚಿ, ಬೇಕಿದ್ದರೆ ಕಂಬಳಿಯ ಮೇಲೆ ಮೈಚಾಚಿ.

ಸ್ಮಶಾನದಲ್ಲಿ ಊಟ ಮಾಡಬಹುದೇ, ನಿದ್ದೆ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ಹಿರಿಯರ ಸಮಾಧಿಗೆ ಎಡೆ ಇಟ್ಟು ಅಲ್ಲೇ ಪಕ್ಕದಲ್ಲಿ ಕೂತು ಉಣ್ಣುವ ಪದ್ಧತಿ ನಮ್ಮ ಹಲವು ಮನೆತನಗಳಲ್ಲಿ ಇದೆ. ತೋಟದಲ್ಲಿ, ಹೊಲದಲ್ಲಿ ಅಜ್ಜ, ಮುತ್ತಜ್ಜನ ಸಮಾಧಿ ಇಟ್ಟುಕೊಂಡು ಅದರ ನೆರಳಿನಲ್ಲೇ ದಣಿವಾರಿಸಿಕೊಳ್ಳುವವರು ನಾವು. ಗದ್ದುಗೆಯ ಮುಂದೆ ರಾತ್ರಿಯಿಡೀ ಭಜನೆ ಮಾಡುತ್ತೇವೆ. ಸತ್ತವರ ಪಕ್ಕ ನೆಮ್ಮದಿಯಾಗಿ ಕೂರುವುದು ನಮಗೆ ಹೊಸದಲ್ಲ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಮಸಣಕ್ಕೆ ಹೋಗಿ ಬಂದಿದ್ದೀರಿ, ಸ್ನಾನ ಮಾಡಿ ಒಳಗೆ ಬನ್ನಿ ಎಂದರೆ ಹಾಗೇ ಮಾಡಿ. ಅವರ ಮಾತಿಗೆ ಬೆಲೆ ಕೊಟ್ಟಂತೆಯೂ ಆಯಿತು, ದಿನದ ಧೂಳೂ ಕಳೆಯಿತು.

ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲೇ ನಿಜ ಹೇಳಿ: ಇದು ಬಹಳ ಹಿಂದಿನವರನ್ನು ಇಟ್ಟ ಜಾಗ, ಇಲ್ಲಿ ಓಡಬಾರದು, ಕಲ್ಲು ಹತ್ತಬಾರದು. ವೃತ್ತ ಹುಡುಕುವ ಕೆಲಸವನ್ನು ಅವರಿಗೇ ಕೊಟ್ಟರೆ ನಿಮಗಿಂತ ಬೇಗ ಹುಡುಕುತ್ತಾರೆ.

ಮಾಡಬಾರದ್ದು

ಇಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಮುಚ್ಚುಗಲ್ಲಿನ ಮೇಲೆ ನಿಲ್ಲಬೇಡಿ. ಅದರ ಕೆಳಗೆ ಟೊಳ್ಳಿದೆ, ಎಷ್ಟೋ ಕಡೆ ಅದು ಮೊದಲೇ ಬಿರಿದಿರುತ್ತದೆ. ಒಡೆದ ಕೋಣೆಯೊಳಗೆ ಇಳಿಯಬೇಡಿ, ಕಿಂಡಿಯೊಳಗೆ ಕೈ ಹಾಕಬೇಡಿ. ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಪುರ ಮಾಡುವ ಆಟ ಇತ್ತೀಚೆಗೆ ಎಲ್ಲ ಕಡೆ ಹಬ್ಬಿದೆ, ಇಲ್ಲಿ ಅದು ಬೇಡವೇ ಬೇಡ. ವೃತ್ತದ ಒಂದು ಕಲ್ಲು ಸರಿದರೆ ಮುಂದೆ ಅಳೆಯಲು ಬರುವವರ ಲೆಕ್ಕವೇ ತಪ್ಪುತ್ತದೆ.

ಕಾಲ ಬಳಿ ಮಡಕೆಯ ಚೂರು ಕಂಡರೆ ನೋಡಿ, ಇದ್ದಲ್ಲೇ ಬಿಡಿ. ಜೇಬಿಗೆ ಹೋದ ಚೂರು ಬರೀ ಬೋಕಿ. ಬಿದ್ದಲ್ಲೇ ಇದ್ದರೆ ಅದು ಯಾವ ಪದರದ್ದು, ಯಾವ ಸಮಾಧಿಯದ್ದು ಎಂದು ಹೇಳುವ ಸಾಕ್ಷಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧ, 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಹೊಸದಾಗಿ ತೋಡಿದ ಗುಂಡಿ, ನಿಂಬೆಹಣ್ಣು, ಕುಂಕುಮ, ಮುರಿದ ಚಪ್ಪಡಿ ಒಟ್ಟಿಗೆ ಕಂಡರೆ ಅದು ನಿಧಿಗಳ್ಳರ ಕೆಲಸವಿರಬಹುದು. ಏನನ್ನೂ ಮುಟ್ಟದೆ ಊರಿನ ಹಿರಿಯರಿಗೆ ತಿಳಿಸಿ, 112ಕ್ಕೆ ಕರೆ ಮಾಡಿ. ಈ ಸಮಾಧಿಗಳಲ್ಲಿ ಹೊನ್ನಿನ ಕೊಪ್ಪರಿಗೆ ಇಲ್ಲ. ಹೆಚ್ಚಾಗಿ ಇರುವುದು ಎಲುಬು, ಮಡಕೆ, ಕಬ್ಬಿಣ. ಈ ಮಾತು ಎಷ್ಟು ಜನರ ಕಿವಿಗೆ ಬಿದ್ದರೆ ಅಷ್ಟು ಒಳ್ಳೆಯದು.

ಪ್ರೀತಿಯಿಂದಲೇ ಮಾಡುವ ತಪ್ಪೊಂದಿದೆ. ಗಿಡಗಂಟಿ ಬೆಳೆದದ್ದನ್ನು ಕಂಡು ಮರುಗಿ, ಕಿತ್ತು ಸ್ವಚ್ಛ ಮಾಡಲು ಹೊರಡುವುದು. ಎಷ್ಟೋ ವರ್ಷದಿಂದ ಬೇರುಗಳು ಕಲ್ಲಿನ ಸಂದಿಯ ಮಣ್ಣನ್ನು ಹಿಡಿದುಕೊಂಡಿರುತ್ತವೆ. ಬೇರು ಕಿತ್ತರೆ ಚಪ್ಪಡಿಯೂ ಜಗ್ಗುತ್ತದೆ. ಯಾವ ಗಿಡ ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಬಲ್ಲವರ ಕೆಲಸ. ನಿಮ್ಮ ಕೈಯಿಂದ ಆಗುವುದು ಪ್ಲಾಸ್ಟಿಕ್ ಬಾಟಲಿ, ಗುಟ್ಕಾ ಪೊಟ್ಟಣ ಆರಿಸಿ ಚೀಲಕ್ಕೆ ಹಾಕಿಕೊಂಡು ಬರುವುದು. ಅದನ್ನು ಖಂಡಿತ ಮಾಡಿ.

ಚಪ್ಪಲಿ ಬಿಡಬೇಕೇ ಎಂದರೆ, ಮುಳ್ಳಿನ ನೆಲ, ಬಿಡಬೇಡಿ. ಕೈ ಮುಗಿಯಬೇಕೆನಿಸಿದರೆ ಮುಗಿಯಿರಿ. ಹೂ, ಊದುಬತ್ತಿ, ಕರ್ಪೂರ ಬೇಡ. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಹಾವು, ಕರಡಿ, ಬಿಸಿಲು

ಬಂಡೆ, ಒಣಹುಲ್ಲು, ಸಂದಿ ಇರುವಲ್ಲಿ ಹಾವು, ಚೇಳು ಇದ್ದೇ ಇರುತ್ತವೆ. ಕೊಳಕುಮಂಡಲ ಮತ್ತು ಗರಗಸಮಂಡಲ ಎರಡೂ ಈ ಬಯಲುಸೀಮೆಯ ವಿಷದ ಹಾವುಗಳು. ಕಾಣದ ಕಡೆ ಕೈಯಿಡಬೇಡಿ, ಹುಲ್ಲಿನಲ್ಲಿ ಕೋಲು ತಟ್ಟುತ್ತ ನಡೆಯಿರಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲ್ಲಾಡಿಸದೆ, 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದೊಂದೇ ದಾರಿ.

ಚಿತ್ರದುರ್ಗ ಮತ್ತು ಬಳ್ಳಾರಿ ಸೀಮೆಯ ಕಲ್ಲುಗುಡ್ಡಗಳು ಕರಡಿಗಳ ನೆಲೆ. ಹಗಲು ಗುಹೆಯಲ್ಲಿದ್ದು ಹೊತ್ತು ಇಳಿದ ಮೇಲೆ ಹೊರಬರುತ್ತವೆ. ಐದು ಗಂಟೆಯೊಳಗೆ ಬಯಲು ಬಿಡಿ. ಬಂಡೆಗಳ ಗುಹೆಗಳಿಗೆ ಇಣುಕಬೇಡಿ. ಒಬ್ಬರೇ ಹೋಗಬೇಡಿ.

ಹಿಂದಿರುಗುವಾಗ

ಮಧ್ಯಾಹ್ನಕ್ಕೆ ಎದ್ದರೆ ಎರಡು ಆಯ್ಕೆಗಳಿವೆ. ಕಾಲಲ್ಲಿ ಕಸುವಿದ್ದವರು ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗಬಹುದು. ರಾವಣನೊಡನೆ ಹೋರಾಡಿದ ಜಟಾಯು ಬಿದ್ದ ಜಾಗವೆಂದು ಜನ ನಂಬುವ ಬೆಟ್ಟ ಅದು. ಅದೂ ಒಂದು ಬಗೆಯ ಸಮಾಧಿಸ್ಥಳವೇ. ಮೆಟ್ಟಿಲು ಬೇಡವೆನ್ನುವವರು ಮೊಳಕಾಲ್ಮುರಿಗೆ ಬಂದು ರೇಷ್ಮೆ ಸೀರೆ ನೇಯುವ ಮನೆಗಳ ಬೀದಿಯಲ್ಲಿ ಒಂದಿಷ್ಟು ಹೊತ್ತು ಮಗ್ಗದ ಸದ್ದು ಕೇಳಿ, ಮಂಡಕ್ಕಿ, ಮೆಣಸಿನಕಾಯಿ ತಿಂದು ಬಸ್ಸು ಹತ್ತಬಹುದು. ನನ್ನ ಒಲವು ಎರಡನೆಯದರ ಕಡೆಗೆ. ಒಂದೇ ದಿನಕ್ಕೆ ಎರಡು ಗುಡ್ಡ ಸೇರಿಸಿದರೆ ಬೆಳಗಿನ ನೆಮ್ಮದಿ ಉಳಿಯುವುದಿಲ್ಲ.

ಫೋಟೋ ಹಂಚಿಕೊಳ್ಳುವವರು ಶಾಸನದ ಬಂಡೆಯ ಚಿತ್ರವನ್ನು ಧಾರಾಳವಾಗಿ ಹಾಕಿ. ಸಮಾಧಿಗಳ ಚಿತ್ರ ಹಾಕುವಾಗ ಮಾತ್ರ ಮೊಬೈಲಿನ ಸ್ಥಳಗುರುತನ್ನು ತೆಗೆದುಹಾಕಿ, ಯಾವ ಹೊಲದ ಯಾವ ಮೂಲೆ ಎಂದು ಬರೆಯಬೇಡಿ. ನೀವು ಕೊಟ್ಟ ಗುರುತನ್ನು ಹಿಡಿದು ಗುದ್ದಲಿಯವರೂ ಬರುತ್ತಾರೆ.

ಅಷ್ಟು ದೂರ ಹೋಗಲಾಗದವರಿಗೆ

ದಾವಣಗೆರೆಯಲ್ಲಿ ಇಳಿದುಕೊಂಡು ಅರ್ಧ ದಿನ ಮಾತ್ರ ಬಿಡುವಿರುವವರು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಗೆ ಹೋಗಬಹುದು. ಶಿವಾಜಿಯ ತಂದೆ ಷಹಾಜಿ 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಪ್ರಾಣ ಬಿಟ್ಟದ್ದು ಇಲ್ಲೇ, ಸಮಾಧಿಯೂ ಇಲ್ಲೇ ಇದೆ. ಬ್ರಹ್ಮಗಿರಿಯಂಥ ವಿಸ್ತಾರದ ಬಯಲಲ್ಲ, ಒಬ್ಬನೇ ಒಬ್ಬನ ಸಮಾಧಿ. ಹುಡುಕುವ ಕೆಲಸವಿಲ್ಲ, ಕೂರುವ ಕೆಲಸವಷ್ಟೇ. ಅಲ್ಲಿಯೂ ಮೊದಲು ಊರಿನವರನ್ನು ಮಾತಾಡಿಸಿ, ಪುಸ್ತಕ ಮತ್ತು ಪೆನ್ಸಿಲ್ ಒಯ್ಯಿರಿ, ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ. ದಿನವಿಡೀ ಬಿಡುವು ಸಿಕ್ಕರೆ ಅದೇ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಿಣಿಯನ್ನು ಮಧ್ಯಾಹ್ನದ ಮೇಲೆ ನೋಡಿಕೊಂಡು ಸಂಜೆಯ ಬಸ್ಸಿಗೆ ದಾವಣಗೆರೆಗೆ ಹಿಂದಿರುಗಬಹುದು.